ಏನೂ ಮಾಡಿಲ್ಲವೆಂದು ಪ್ರಮಾಣ ಮಾಡಿ

ಜೂನ್ ಬಂದರೆ ಪುಣೆಯ ಕನ್ನಡ ಮನೆಗಳಿಗೆ ಮಳೆಯೂ ಬರುತ್ತದೆ, ನೀಟ್ ಫಲಿತಾಂಶವೂ ಬರುತ್ತದೆ. ಮಳೆಯ ವಿಷಯದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ‘ಹುಡುಗಂದು ಏನಾತ್ರೀ ವೈನಿ?’ ಎಂದು ಕೋಥ್ರೂಡಿನ ಲಿಫ್ಟಿನಲ್ಲಿ ಕೇಳಿ ನೋಡಿ. ಮೂರನೇ ಮಹಡಿ ಬರುವ ಮೊದಲೇ ಉತ್ತರ ಸಿದ್ಧ: ‘ಡ್ರಾಪ್ ತಗೊಂಡಾನ್ರೀ.’ ಫೇಲಾದ ಎನ್ನುವಂತಿಲ್ಲ. ಅವನು ಕ್ವಾಲಿಫೈ ಆಗಿಯೇ ಇದ್ದಾನೆ. ಮೆಡಿಕಲ್ ಸೀಟಿಗೆ ಮಾತ್ರ ಅದು ಗೊತ್ತಾಗಿಲ್ಲ.

ಮತ್ತೆ ಬರೆಯಲು ಒಂದು ವರ್ಷ ಡ್ರಾಪ್ ಎಂದು ತೀರ್ಮಾನವಾದ ಸಭೆಯಲ್ಲಿ ಅಪ್ಪ, ಅಮ್ಮ, ಸೋಲಾಪುರದ ಸೋದರಮಾವ ಮತ್ತು ಕೋಚಿಂಗ್ ಕ್ಲಾಸಿನ ಕೌನ್ಸೆಲರ್ ಇದ್ದರು. ಹುಡುಗನೂ ಇದ್ದ, ಚಹಾ ತಂದುಕೊಡಲು. ‘ಕಮ್ಮಿ ಬಿದ್ದದ್ದು ಅರವತ್ತೇ ಅಂಕ, ಅಂದರೆ ಹದಿನೈದೇ ಪ್ರಶ್ನೆ’ ಎಂದ ಕೌನ್ಸೆಲರ್. ಒಂದು ಪ್ರಶ್ನೆಗೆ ನಾಲ್ಕು ಅಂಕವಾದ್ದರಿಂದ ಲೆಕ್ಕ ಸರಿಯೇ. ಹದಿನೈದು ಪ್ರಶ್ನೆಗೆ ಒಂದು ವರ್ಷ, ಲಕ್ಷ ದಾಟುವ ಫೀಸು. ಅಪ್ಪ ಅಲ್ಲೇ ಫೋನ್ ತೆಗೆದು ಹಣ ಕಳಿಸಿದರು.

ಮಾವನ ಬಳಿ ಬೇರೊಂದು ಉಪಾಯವಿತ್ತು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಕಡೆ ಓದಿದ ಗಡಿನಾಡ ಕನ್ನಡಿಗರು ಕನ್ನಡ ಪರೀಕ್ಷೆ ಬರೆದು ಕರ್ನಾಟಕದ ಸೀಟಿಗೆ ಅರ್ಜಿ ಹಾಕಬಹುದು. ಆ ಮನೆಯಲ್ಲಿ ನಾಡಪ್ರೇಮ ಉಕ್ಕಿದ್ದು ಅಂದೇ ಮೊದಲು. ಆದರೆ ಹುಡುಗ ಓದಿದ್ದು ಕೋಥ್ರೂಡಿನಲ್ಲಿ. ಅಜ್ಜಿಯ ಬೈಗುಳ ಅರ್ಥವಾಗುವಷ್ಟು ಕನ್ನಡ ಬರುತ್ತದೆ. ಅದಕ್ಕೆ ಕೋಟಾ ಇಲ್ಲ.

ವಿಲಾಯತಿಯ ಹುಡುಗರು ಇಂಥ ವರ್ಷದಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ದೇಶ ಸುತ್ತುತ್ತಾರಂತೆ. ನಮ್ಮವನಿಗೂ ಚೀಲವಿದೆ, ತಿರುಗಾಟವೂ ಇದೆ: ಕ್ಲಾಸಿನಿಂದ ಸದಾಶಿವ ಪೇಠೆಯ ಅಭ್ಯಾಸಿಕೆ ಎಂಬ ಓದುಕೋಣೆಗೆ, ಅಲ್ಲಿಂದ ಮನೆಗೆ. ಗಣಪತಿ ಹಬ್ಬಕ್ಕೆ ಎರಡು ತಿಂಗಳು ಮೊದಲೇ ಮುಠಾ ನದಿಯ ದಂಡೆಯಲ್ಲಿ ಢೋಲ್-ತಾಶಾ ತಾಲೀಮು ಶುರುವಾಗುತ್ತದೆ. ಬಾರಿಸುವವರು ಇವನ ವಯಸ್ಸಿನವರೇ. ಇವನು ಕಿವಿಗೆ ಹತ್ತಿ ತುರುಕಿಕೊಂಡು ಕ್ರೆಬ್ಸ್ ಚಕ್ರ ಉರುಹೊಡೆಯುತ್ತಾನೆ. ಇನ್ನೂ ಶ್ರದ್ಧೆಯುಳ್ಳ ತಂದೆತಾಯಿ ಮಗನನ್ನು ಕೋಚಿಂಗಿಗೆಂದು ಲಾತೂರಿಗೆ ಕಳಿಸುತ್ತಾರೆ. ಪೂರ್ವದ ಆಕ್ಸ್‌ಫರ್ಡ್ ಎಂದು ತನ್ನನ್ನು ತಾನೇ ಕರೆದುಕೊಳ್ಳುವ ಊರು ಓದಿಗೆ ಲಾತೂರಿಗೆ ಹೋಗುವುದೆಂದರೆ, ಆಕ್ಸ್‌ಫರ್ಡಿನವರು ಕೇಳಿಸಿಕೊಳ್ಳದಿದ್ದರೆ ಒಳ್ಳೆಯದು.

ಇರಲಿ, ಆ ಅರವತ್ತು ಅಂಕದ ಕಥೆಗೆ ಬರೋಣ. 2024ರಲ್ಲಿ ಮೊದಲು 67 ಮಂದಿಗೆ 720ಕ್ಕೆ 720 ಬಂತು. ಕೃಪಾಂಕ ಕಿತ್ತುಕೊಂಡು, ಸೋರಿಕೆಯ ಗಲಾಟೆಯಾಗಿ, ಸುಪ್ರೀಂ ಕೋರ್ಟಿನ ಮೆಟ್ಟಿಲಿಳಿದು ಬರುವಾಗ ಅವರು 17 ಜನ ಉಳಿದಿದ್ದರು. 2025ರಲ್ಲಿ ಭೌತಶಾಸ್ತ್ರ ಎಲ್ಲರನ್ನೂ ಕಚ್ಚಿತು. ದೇಶಕ್ಕೇ ಮೊದಲಿಗನಾದವನಿಗೆ 686. ಹೀಗಾಗಿ ಕೋಟಾ ಇಲ್ಲದವನು 2024ರಲ್ಲಿ 600 ತಂದು ಬಾಗಿಲು ಹಾಕಿಕೊಂಡು ಅತ್ತ. ಮರುವರ್ಷ ಅಷ್ಟೇ ತಂದವನ ಮನೆಯಲ್ಲಿ ಪೇಢೆ ಹಂಚಿದರು. ಪರೀಕ್ಷೆ ಬರೆಯುವವರು ಇಪ್ಪತ್ತೆರಡು ಲಕ್ಷ, ಎಂಬಿಬಿಎಸ್ ಸೀಟು ಒಂದೂಕಾಲು ಲಕ್ಷದ ಆಸುಪಾಸು. ಡ್ರಾಪ್ ತಗೊಂಡ ಹುಡುಗರೆಲ್ಲ ಹದಿನೈದು ಪ್ರಶ್ನೆ ಹೆಚ್ಚು ಕಲಿತರೆ ಕಟ್‌ಆಫ್ ಮೇಲೇರುತ್ತದೆ, ಸೀಟು ಏರುವುದಿಲ್ಲ. ಜೊತೆಗೆ, ಈ ವರ್ಷ ಹನ್ನೆರಡನೇ ತರಗತಿ ಮುಗಿಸಿದ ಪಾಪದ ಹುಡುಗಿ ಅವರ ಕೈಲಿ ಸೋತು ತಾನೂ ಡ್ರಾಪ್ ತಗೊಳ್ಳುತ್ತಾಳೆ. ಕೋಚಿಂಗ್ ಕ್ಲಾಸುಗಳಿಗೆ ಗಿರಾಕಿ ಹುಡುಕುವ ಖರ್ಚೇ ಇಲ್ಲ. ಹಳೆಯ ಬ್ಯಾಚು ಹೊಸ ಬ್ಯಾಚನ್ನು ತಾನೇ ಹೆರುತ್ತದೆ.

ಸರ್ಕಾರವೂ ಕೈಲಾದ ಉಪಕಾರ ಮಾಡಿದೆ. ಮೊದಲು ಗರಿಷ್ಠ ವಯಸ್ಸು 25 ಎಂಬ ಮಿತಿಯಿತ್ತು, ಮೀಸಲಾತಿಯವರಿಗೆ 30. 2022ರಲ್ಲಿ ಅದನ್ನು ತೆಗೆದರು. ಎಷ್ಟು ಸಲ ಬರೆಯಬಹುದೆಂಬ ಲೆಕ್ಕವೂ ಇಲ್ಲ. ಈಗ ಅಪ್ಪ ನಿವೃತ್ತರಾದ ಮೇಲೆ ಮಗನ ಜೊತೆ ಕೂತು ಬರೆಯಬಹುದು. ದೇಶದ ಮೊದಲ ವೈದ್ಯೆಯರಲ್ಲೊಬ್ಬಳಾದ ಆನಂದಿಬಾಯಿ ಜೋಶಿ 1886ರ ಮಾರ್ಚಿನಲ್ಲಿ ಫಿಲಡೆಲ್ಫಿಯಾದಲ್ಲಿ ಎಂ.ಡಿ. ಪದವಿ ಪಡೆದಾಗ ಇಪ್ಪತ್ತೊಂದು ತುಂಬಿರಲಿಲ್ಲ. ಪುಣ್ಯವಂತೆ, ಸಮುದ್ರ ಮಾತ್ರ ದಾಟಬೇಕಿತ್ತು. ಇನ್ನು, ಇಷ್ಟು ಜರಡಿ ಹಿಡಿದು ಆರಿಸಿದ ವೈದ್ಯರು ಸ್ನಾತಕೋತ್ತರಕ್ಕೆ ಹೋಗುವಾಗ ಏನಾಗುತ್ತದೆ? 2023ರಲ್ಲಿ ನೀಟ್-ಪಿಜಿ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಪರೀಕ್ಷಾ ಕೊಠಡಿಗೆ ಬಂದು ಕೂತವರೆಲ್ಲ ಅರ್ಹರು. ಹೃದಯದ ತಜ್ಞರಾಗುವ ದಾರಿಯಲ್ಲಿ ಹದಿನೇಳರ ವಯಸ್ಸಿನಲ್ಲಿ ಒಂದು ಅಂಕಕ್ಕೂ ಕ್ಷಮೆಯಿಲ್ಲ, ಆಮೇಲೆ ಬಾಗಿಲಿಗೆ ಚಿಲಕವೇ ಇಲ್ಲ.

ವರ್ಷ ಕಳೆದು ಪ್ರವೇಶದ ಹೊತ್ತಿಗೆ ಕಾಗದಪತ್ರದ ಪಟ್ಟಿ ಬರುತ್ತದೆ. ಅದರಲ್ಲಿ ಗ್ಯಾಪ್ ಅಫಿಡವಿಟ್ ಎಂಬುದೊಂದು. ಐದಕ್ಕೆ ಎದ್ದದ್ದು, ಭಾನುವಾರದ ಟೆಸ್ಟು, ಅಕ್ಕನ ಮದುವೆಯಲ್ಲಿ ಅಕ್ಷತೆ ಹಾಕಿ ಊಟಕ್ಕೂ ನಿಲ್ಲದೆ ಓಡಿದ್ದು, ಇವಕ್ಕೆಲ್ಲ ಅದರಲ್ಲಿ ಜಾಗವಿಲ್ಲ. ಸದರಿ ಅವಧಿಯಲ್ಲಿ ನಾನು ಯಾವ ಕಾಲೇಜಿಗೂ ಸೇರಿರಲಿಲ್ಲ ಎಂದು ಪ್ರಮಾಣ ಮಾಡಬೇಕು. ಶಿವಾಜಿನಗರದ ಕೋರ್ಟಿನ ಹೊರಗೆ ಟೈಪ್ ಮಾಡುವವರು ಅದನ್ನು ನೋಡದೆಯೇ ಬಡಿಯುತ್ತಾರೆ. ಹುಡುಗನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಇಸವಿ ಹಾಕಲೋ, ಖಾಲಿ ಬಿಡಲೋ?’