ಸೊನ್ನೆ ಟಿಕೆಟ್ಟಿನ ಸಂಸಾರ

ಬೆಂಗಳೂರಿಗೆ ಹೋಗಿ ಸಂಜೆಗೆ ವಾಪಸ್ ಬರುವುದಕ್ಕೆ ಮಂಡ್ಯದವರು ಯೋಜನೆ ಹಾಕುವುದಿಲ್ಲ. ನೂರು ಕಿಲೋಮೀಟರು, ಬಸ್ ಹತ್ತಿದರೆ ಆಯಿತು. ಆದರೆ ಹಿಂದಿನ ಸಲ ಹೋದಾಗ ಬೆಂಗಳೂರು ನನ್ನ ಜೇಬಿಗೆ ಕೈಹಾಕಿ ತಳದ ಹೊಲಿಗೆಯನ್ನೂ ಮುಟ್ಟಿ ನೋಡಿತ್ತು. ಅದಕ್ಕೇ ಈ ಸಲ ಮಗಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ '800 ರೂಪಾಯಿ, ಮೇಲೆ ಒಂದು ಪೈಸೆ ಇಲ್ಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮೊದಲ ಬಾಬತ್ತು ಬಸ್ಸಿನದು. ನಾನು, ಹೆಂಡತಿ, ಏಳನೇ ಕ್ಲಾಸಿನ ಮಗಳು, ಅವ್ವ. ನಾಲ್ಕರಿಂದ ಗುಣಿಸುತ್ತಿದ್ದೆ. ಹೆಂಡತಿ ಇಣುಕಿ ನೋಡಿ, "ನಾಲ್ಕು ಯಾಕ್ರೀ? ಒಂದು" ಎಂದಳು. ಹೌದಲ್ಲ! 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ಕೆಂಪು ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ಸೊನ್ನೆ. ರಾಜಹಂಸ, ಐರಾವತಗಳ ಆಸೆ ಬಿಟ್ಟರೆ ಸಾಕು. ನಾಲ್ಕನ್ನು ಹೊಡೆದುಹಾಕಿ ಒಂದು ಬರೆದೆ. "ಹಾಗಾದ್ರೆ ಮೂರು ಟಿಕೆಟ್ಟಿನ ದುಡ್ಡು ನಮ್ಮದು" ಎಂದು ಅವಳು ಪಕ್ಕದಲ್ಲೇ ತನ್ನದೊಂದು ಲೆಕ್ಕ ಶುರುಮಾಡಿದಳು. ಖರ್ಚಾಗದ ದುಡ್ಡೆಲ್ಲ ಆದಾಯ ಎನ್ನುವ ಅರ್ಥಶಾಸ್ತ್ರ ನಾನು ಓದಿದ ಕಾಲೇಜಿನಲ್ಲಿ ಇರಲಿಲ್ಲ.

ಎರಡನೆಯದು ನೀರು. ಅವ್ವ ಐದು ಬಾಟಲಿ ತುಂಬಿಸಿದಳು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿದ ಕಾವೇರಿಯನ್ನು ಬೆಂಗಳೂರು 1974ರಿಂದ ಕುಡಿಯುತ್ತಿದೆ. "ನಮ್ ನೀರ್‍ನ ಅಲ್ಲೋಗಿ ಕಾಸು ಕೊಟ್ಟು ಕುಡಿಯಾನಾ? ಆ ತಾಯಂತೂ ಹೋದೋಳು ಸಂಜೆಗೆ ವಾಪಸ್ ಬರಕಿಲ್ಲ. ನಾವಾದ್ರೂ ಬರಾನ" ಎಂದಳು. ಚಿತ್ರಾನ್ನ, ಮೊಸರನ್ನ, ಐದು ಬಾಟಲಿ ಎಲ್ಲ ಒಂದೇ ಚೀಲಕ್ಕೆ ಸೇರಿದವು. ಚೀಲ ನನ್ನ ಹೆಗಲಿಗೆ ಸೇರಿತು.

ಬೆಳಗಿನ ಆರರ ಬಸ್ಸು. ಕಂಡಕ್ಟರು ಆಧಾರ್ ನೋಡಿ ಮೂರು ಸೊನ್ನೆ ಹರಿದುಕೊಟ್ಟರು. ದುಡ್ಡು ಕೊಟ್ಟವನು ನಾನೊಬ್ಬ, ಕಿಟಕಿಗಳೆಲ್ಲ ಸೊನ್ನೆಗಳ ಪಾಲು. ಕೆಂಗೇರಿ ಬಂದಾಗ ಮಗಳು "ಅಪ್ಪಾ, ಮೆಟ್ರೋ!" ಎಂದು ಕುಣಿದಳು. "ಮೆಟ್ರೋಗೆ ಶಕ್ತಿ ಇಲ್ಲ" ಎಂದು ಅವರಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು. ನಮ್ಮ ಬಸ್ಸು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ತಲೆಯ ಮೇಲೆ ಎರಡು ರೈಲು ಹಾದುಹೋದವು. ಅದನ್ನು ನೋಡುವುದಕ್ಕೂ ಟಿಕೆಟ್ ಇಲ್ಲವಾದ್ದರಿಂದ ಮನಸಾರೆ ನೋಡಿದೆವು.

ವಿಧಾನಸೌಧವನ್ನು ಬೇಲಿಯ ಹೊರಗಿನಿಂದ ನೋಡಿದೆವು, ಖರ್ಚಿಲ್ಲ. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರಿಗೂ ಅಂದಾಜು ಮೀರಿ ಖರ್ಚು ಮಾಡಿದರೆಂಬ ಟೀಕೆ ತಪ್ಪಿರಲಿಲ್ಲ. ಆ ಕಟ್ಟಡದ ಎದುರು ನಿಂತು ನೋಟ್‌ಬುಕ್ ತೆರೆದಾಗ ಯಾಕೋ ಧೈರ್ಯ ಬಂತು.

ಲಾಲ್‌ಬಾಗಿನಲ್ಲಿ ಮಾತ್ರ ಎಲ್ಲರಿಗೂ ಟಿಕೆಟ್. ಹೈದರಾಲಿ 1760ರಲ್ಲಿ ಶುರುಮಾಡಿಸಿದ ತೋಟ, ಗಾಜಿನ ಮನೆ, ಎಲ್ಲವನ್ನೂ ತೋರಿಸಿ ಕೊನೆಗೆ ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿಸಿದೆ. "ಅವ್ವಾ, ಈ ಬಂಡೆಗೆ ಸುಮಾರು 300 ಕೋಟಿ ವರ್ಷ" ಎಂದೆ. ಅವ್ವ ಸೊಂಟಕ್ಕೆ ಕೈಕೊಟ್ಟು ನಿಂತು, "ಬಂಡೆ ನೋಡಕ್ಕೆ ಕಾಸು ಕೊಟ್ಯಾ ಮಗ? ನಮ್ಮೂರ ಹಿಂದ್ಲ ಗುಡ್ಡ ಏನು ಮೊನ್ನೆ ಹುಟ್ಟಿದ್ದಾ?" ಎಂದಳು. ಭೂವಿಜ್ಞಾನದ ಪ್ರಕಾರ ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಗಾಂಧಿ ಬಜಾರಿನಲ್ಲಿ ಎರಡು ಬೈ ಟೂ ಕಾಫಿ ತೆಗೆದುಕೊಂಡೆವು. ನಾಲ್ಕು ಜನ ಎರಡು ಕಾಫಿ ಕುಡಿಯುವುದಕ್ಕೆ ಬೆಂಗಳೂರಿನಲ್ಲಿ ಯಾರೂ ನಗುವುದಿಲ್ಲ. ಆಗ ಹೆಂಡತಿ ತನ್ನ ಲೆಕ್ಕ ಬಿಚ್ಚಿದಳು. ಹೋಗುವಾಗ ಮೂರು ಸೊನ್ನೆ, ಬರುವಾಗ ಮೂರು, ಸಿಟಿ ಬಸ್ಸಿನ ಸೊನ್ನೆಗಳು ಬೇರೆ. ಸೊನ್ನೆಗೆ ಸೊನ್ನೆ ಕೂಡಿಸಿದರೆ ಸೊನ್ನೆ ಎಂದು ನನಗೆ ಮೇಷ್ಟ್ರು ಹೊಡೆದು ಕಲಿಸಿದ್ದರು. ಇವಳ ಲೆಕ್ಕದಲ್ಲಿ ಅವು ಅವ್ವನಿಗೊಂದು ನೂಲಿನ ಸೀರೆ, ಮಗಳಿಗೊಂದು ಬ್ಯಾಗು, ತನಗೆ ಎರಡು ಸ್ಟೀಲ್ ಡಬರಿ ಆದವು.

"ನನಗೆ?"

"ನಿಮ್ಮ ಟಿಕೆಟ್ಟಿನಲ್ಲಿ ಏನೂ ಉಳೀಲಿಲ್ವಲ್ರೀ."

ರಾತ್ರಿ ಮನೆಗೆ ಬಂದು ನೋಟ್‌ಬುಕ್ ತೆರೆದೆ. ಬಜೆಟ್ 800, ಖರ್ಚು 1,650. ನನ್ನ ಕಡೆ ಖೋತಾ, ಅವಳ ಕಡೆ ಸರಿಸಮ. ಅವಳು ಪೆನ್ಸಿಲ್ ಹಿಡಿದು ಬಾಬತ್ತುಗಳನ್ನು ಒಂದೊಂದಾಗಿ ನೋಡಿದಳು. "ಮುಂದಿನ ಸಲ ಇನ್ನೂ ಕಡಿಮೆಯಲ್ಲಿ ಮುಗಿಸಬಹುದು ಕಣ್ರೀ. ಬಸ್ಸಿನ ಖರ್ಚು ಅಂತ ಆಗಿರೋದು ಇದೊಂದೇ" ಎಂದು ಒಂದು ಸಾಲಿನ ಸುತ್ತ ಗುಂಡಗೆ ಗೆರೆ ಎಳೆದಳು. ಗೆರೆಯೊಳಗೆ ನಾನಿದ್ದೆ.

ಹಡೆದ ಕರುಳು ಸುಮ್ಮನಿರಲಿಲ್ಲ. ಮೂಲೆಯಲ್ಲಿ ಕಾಲು ನೀವಿಕೊಳ್ಳುತ್ತಿದ್ದ ಅವ್ವ ತಲೆ ಎತ್ತಿ, "ಇರ್‍ಲಿ ಬುಡವ್ವ, ಅವನೂ ಬರ್‍ಲಿ. ಚೀಲ ಹೊರಕ್ಕೆ ಕೂಲಿ ಮಾಡುದ್ರೆ ಟಿಕೆಟ್‌ಗಿಂತ ಜಾಸ್ತಿ ಆಯ್ತದೆ" ಎಂದಳು.