ಪರೇಲ್ ರಣಾಂಗಣ

ದೇಶದ ರಕ್ಷಣಾ ಆದ್ಯತೆ ಯಾವುದೆಂದು ಯಾರಾದರೂ ಕೇಳಿದರೆ ದೆಹಲಿಯ ದಾರಿ ತೋರಿಸಬೇಡಿ. ಮುಂಬಯಿಯ ಪರೇಲ್ ಸ್ಟೇಶನ್ನಿನಲ್ಲಿ ಇಳಿಸಿ, ಸೇನೆ ಕಟ್ಟಿಕೊಟ್ಟ ಪಾದಚಾರಿ ಸೇತುವೆಯ ಕಥೆ ಹೇಳಿ. ರಕ್ಷಣಾ ಸಚಿವಾಲಯದ ಕಡತಗಳಲ್ಲಿ ಸಿಗದ ಉತ್ತರ ಅದರಲ್ಲಿದೆ.

ಸರಕಾರ ಆಗಾಗ ಸೇನೆಯ ಗುರಿ, ಗಾತ್ರ, ಖರ್ಚುಗಳ ಪರಿಶೀಲನೆಗೆ ಹೊರಡುತ್ತದೆ. ಸಮಿತಿ ಕೂರುತ್ತದೆ, ಸಮಿತಿ ಏಳುತ್ತದೆ, ವರದಿ ಮಲಗುತ್ತದೆ. ಕಾರ್ಗಿಲ್ ಯುದ್ಧ ಆದಮೇಲೆ ಕೆ. ಸುಬ್ರಹ್ಮಣ್ಯಂ ಸಮಿತಿ ಕೂತಿತು. ಅದರ ಬೆನ್ನಿಗೇ ಮಂತ್ರಿಗಳ ಗುಂಪೊಂದು, ಮೂರೂ ಪಡೆಗಳಿಗೆ ಒಬ್ಬ ಹಿರಿಯ ಬೇಕು ಎಂದು 2001ರಲ್ಲಿ ಶಿಫಾರಸು ಮಾಡಿತು. ಆ ಹಿರಿಯ ಕುರ್ಚಿಯಲ್ಲಿ ಕೂತದ್ದು 2020ರ ಜನವರಿ 1ರಂದು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸುವ ಜನ ನಾವು. ಈ ಕೂಸಿಗೆ ಮಾತ್ರ ಮೀಸೆ ಬಂದಮೇಲೆ ನಾಮಕರಣ.

2016ರ ಕೊನೆಗೆ ವರದಿ ಕೊಟ್ಟ ಲೆಫ್ಟಿನೆಂಟ್ ಜನರಲ್ ಶೇಕಟ್ಕರ್ ಸಮಿತಿಯ ಅದೃಷ್ಟ ಚೆನ್ನಾಗಿತ್ತು. ಸೇನೆಯವರ ಮಾತಿನಲ್ಲಿ ಕಾದುವವರು ಹಲ್ಲು, ಅವರಿಗೆ ಅಂಚೆ, ಹಾಲು, ಸಾಮಾನು ಮುಟ್ಟಿಸುವವರು ಬಾಲ. ಹಲ್ಲು ಗಟ್ಟಿಯಾಗಲಿ, ಬಾಲ ಗಿಡ್ಡವಾಗಲಿ ಎಂಬುದು ಸಮಿತಿಯ ಸಲಹೆ. 2017ರ ಆಗಸ್ಟ್ 30ರಂದು ಸರಕಾರ 65 ಶಿಫಾರಸುಗಳನ್ನು ಒಪ್ಪಿತು. 39 ಮಿಲಿಟರಿ ಡೈರಿಗಳಿಗೆ ಬೀಗ, 57,000 ಮಂದಿಗೆ ಹೊಸ ಜಾಗ. ಹಸು ಕಾಯುವುದು ಸೇನೆಯ ಕೆಲಸವಲ್ಲ ಎಂಬ ಜ್ಞಾನೋದಯಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಸರಿಯಾಗಿ ಒಂದು ತಿಂಗಳಿಗೆ ಆಯುಧಪೂಜೆ. ಆ ಬೆಳಿಗ್ಗೆ, ಸೆಪ್ಟೆಂಬರ್ 29ರಂದು, ಮಳೆ ಸುರಿಯುತ್ತಿದ್ದಾಗ ಪರೇಲಿಗೆ ಅಂಟಿಕೊಂಡ ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ನಿನ ಇಕ್ಕಟ್ಟು ಮೆಟ್ಟಿಲಲ್ಲಿ ಕಾಲ್ತುಳಿತವಾಗಿ 23 ಮಂದಿ ಸತ್ತರು. ಗಿರಣಿಗಳಿದ್ದ ಜಾಗದಲ್ಲಿ ಗಾಜಿನ ಗೋಪುರಗಳು ಎದ್ದಿದ್ದವು. ಅಲ್ಲಿಗೆ ದುಡಿಯಲು ಬರುವವರ ಮೆಟ್ಟಿಲು ಹಳೆಯ ಅಗಲದಲ್ಲೇ ಇತ್ತು. ಸ್ಥಳೀಯ ಸಂಸದರು ಮೊದಲೇ ಪತ್ರ ಬರೆದಿದ್ದರು. ಜಾಗತಿಕ ಮಾರುಕಟ್ಟೆ ಮಂಕಾಗಿದೆ, ಹಣದ ಕೊರತೆ ಎಂದು ಆಗಿನ ರೈಲ್ವೆ ಮಂತ್ರಿಗಳು ಉತ್ತರಿಸಿದ್ದರು. ಪರೇಲಿನ ಮೆಟ್ಟಿಲಿಗೆ ಜಗತ್ತು ಅಡ್ಡ ಬಂದಿತ್ತು!

ಅಕ್ಟೋಬರ್ 31ಕ್ಕೆ ರಕ್ಷಣಾ ಮಂತ್ರಿ, ರೈಲ್ವೆ ಮಂತ್ರಿ, ಮುಖ್ಯಮಂತ್ರಿ ಮೂವರೂ ಬಂದು ನಿಂತು, ಸೇತುವೆಯನ್ನು ಸೇನೆಯೇ ಕಟ್ಟುತ್ತದೆ ಎಂದು ಸಾರಿದರು. ಪರೇಲಿನ ಜೊತೆಗೆ ಕರಿ ರೋಡ್, ಅಂಬಿವ್ಲಿ. ಕತ್ತರಿಸಿದ ಬಾಲ ಎರಡೇ ತಿಂಗಳಲ್ಲಿ ಚಿಗುರಿತು. ಯುದ್ಧಕ್ಕೆ ತಯಾರಾಗುವುದು ಸೇನೆಯ ಕೆಲಸ ಎಂದು ಪಂಜಾಬಿನ ಆಗಿನ ಮುಖ್ಯಮಂತ್ರಿ, ಮಾಜಿ ಕ್ಯಾಪ್ಟನ್ ಅಮರಿಂದರ್ ಸಿಂಗ್ ಆಕ್ಷೇಪಿಸಿದರು. ತುರ್ತು ಅಷ್ಟಿದೆ ಎಂದಿತು ಸರಕಾರ. ತುರ್ತು ಇತ್ತು, ನಿಜ. ಆದರೆ ಭಟ್ಟ ಬಂದಿಲ್ಲವೆಂದು ವಾಚ್‌ಮನ್‌ನನ್ನು ದೋಸೆ ಕಾವಲಿಯ ಮುಂದೆ ನಿಲ್ಲಿಸಿದರೆ, ದೋಸೆ ಎಷ್ಟೇ ಗರಿಗರಿಯಾದರೂ ಗೇಟು ಖಾಲಿ ಎಂಬುದು ಮುಂಬಯಿಯ ಯಾವ ಉಡುಪಿ ಹೋಟೆಲಿನವರಿಗೂ ಗೊತ್ತು.

ಸೇತುವೆ ಕಟ್ಟಿದ ಸೇನೆಯ ಇಂಜಿನಿಯರ್ ಪಡೆ, ಬಾಂಬೆ ಸ್ಯಾಪರ್ಸ್ ಹುಡುಗರನ್ನು ಮೆಚ್ಚಲೇಬೇಕು. ಗಡುವು ಒಂದು ತಿಂಗಳು ಜಾರಿದರೂ 2018ರ ಫೆಬ್ರವರಿ 27ಕ್ಕೆ ಸೇತುವೆ ತೆರೆಯಿತು. ಉದ್ದ 73 ಮೀಟರ್. ಅದಕ್ಕೆ ಕೆಲವೇ ತಿಂಗಳ ಹಿಂದೆ ಡೋಕ್ಲಾಂನಲ್ಲಿ ಚೀನಾದವರು ರಸ್ತೆ ಕಟ್ಟದಂತೆ ನಮ್ಮ ಸೈನಿಕರು ಅಡ್ಡ ನಿಂತದ್ದು 73 ದಿನ. ದಿನಕ್ಕೊಂದು ಮೀಟರ್ ಹಾಕಿ ಎರಡೂ ಖಾತೆ ಚುಕ್ತಾ ಮಾಡಿದಂತಾಯಿತು.

ಎರಡು ವಾರ ಕಳೆದು, ಮಾರ್ಚಿನಲ್ಲಿ, ಸಂಸದೀಯ ಸ್ಥಾಯಿ ಸಮಿತಿಯ ವರದಿ ಬಂತು. ಸೇನೆಯ ಉಪಮುಖ್ಯಸ್ಥರು ಅದರ ಮುಂದೆ ಹೇಳಿದ ಲೆಕ್ಕ: ಶೇ. 68ರಷ್ಟು ಯುದ್ಧಸಾಮಗ್ರಿ ಹಳೆಯ ಕಾಲದ್ದು, ಬಜೆಟ್ ಆಸೆಗೆ ತಣ್ಣೀರೆರಚಿದೆ. ಬೇರೆ ದೇಶದಲ್ಲಿ ಮಂತ್ರಿಗಳು ನಿದ್ದೆಗೆಡುತ್ತಿದ್ದರು. ನಾವು ಏಪ್ರಿಲ್‌ನಲ್ಲಿ ಇನ್ನೊಂದು ಸಮಿತಿ ಮಾಡಿದೆವು. ರಾಷ್ಟ್ರೀಯ ಭದ್ರತಾ ಸಲಹೆಗಾರ ಅಜಿತ್ ಡೋವಲ್ ಅಧ್ಯಕ್ಷತೆಯ ಆ ರಕ್ಷಣಾ ಯೋಜನಾ ಸಮಿತಿ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರವನ್ನು ಬರೆಯಬೇಕಿತ್ತು. ಅಂಥ ಪುಸ್ತಕ ಇನ್ನೂ ಪ್ರಕಟವಾಗಿಲ್ಲ.

ಚೀನಾದೆದುರಿನ 1962ರ ಸೋಲನ್ನು ಪರಿಶೀಲಿಸಿದ ಇಬ್ಬರಲ್ಲಿ ಒಬ್ಬರಾದ ಬ್ರಿಗೇಡಿಯರ್ ಪಿ. ಎಸ್. ಭಗತ್ ಕೂಡ ಬಾಂಬೆ ಸ್ಯಾಪರ್ಸ್‌ನವರೇ. ಆ ಪಡೆಯವರು ಕಟ್ಟಿದ ಸೇತುವೆ ನಾಲ್ಕೇ ತಿಂಗಳಲ್ಲಿ ಜನರಿಗೆ ತೆರೆಯಿತು. ಭಗತ್ ಅವರು ಹೆಂಡರ್ಸನ್ ಬ್ರೂಕ್ಸ್ ಜೊತೆ 1963ರಲ್ಲಿ ಒಪ್ಪಿಸಿದ ವರದಿಯನ್ನು ಸರಕಾರ ಈವರೆಗೂ ತೆರೆದಿಲ್ಲ.