ಐಸ್ ಹಾಕಿ ಗುರುಲಕ್ಷಣ ಸಂಗ್ರಹ

ಉತ್ತರ ಅಮೆರಿಕದ ಲೆಕ್ಕದಲ್ಲಿ 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯೇ ಕ್ಷೇತ್ರ. ಅದರ ಅಂಚಿನಲ್ಲಿ, ಬೆಂಚಿನ ಹಿಂದೆ, ಕೋಟು ತೊಟ್ಟು ನಿಂತು ಆ ಚಳಿಯಲ್ಲೂ ಬೆವರುವ ಜೀವಿಗೆ ಕೋಚ್ ಎಂದು ಹೆಸರು. ಇದು ಲಕ್ಷಣ.

‘ಫುಟ್‌ಬಾಲ್ ಕೋಚಿಗೂ ಇದು ಸಲ್ಲದೇ?’ ಎಂದು ಪೂರ್ವಪಕ್ಷ. ಸಲ್ಲದು. ಐಸ್ ಹಾಕಿ ಆಟಗಾರ ಒಂದು ಸರದಿಗೆ ಆಡುವುದು ಸುಮಾರು ಮುಕ್ಕಾಲು ನಿಮಿಷ. ಆಟ ನಡೆಯುತ್ತಿರುವಾಗಲೇ ಅವನು ಬೆಂಚಿಗೆ ಬಂದು ಬೀಳುತ್ತಾನೆ, ಇನ್ನೊಬ್ಬ ನೆಗೆಯುತ್ತಾನೆ. ಏದುಸಿರು ಬಿಡುವವನ ಕಿವಿಗೆ ಉಪದೇಶ ಇಳಿಯದು. ಆದ್ದರಿಂದ ಕೋಚ್ ಮಿಕ್ಕ ಹೊತ್ತಿನಲ್ಲಿ ಏನು ಮಾಡುತ್ತಾನೆ ಎಂಬುದರ ಮೇಲೆ ಭೇದಗಳು ಐದು.

ಒಂದು, ದಂಡಕ. 1979ರಲ್ಲಿ ನಾರ್ವೆಯೊಡನೆ ಪಂದ್ಯ 3-3ಕ್ಕೆ ನಿಂತಾಗ, ಹರ್ಬ್ ಬ್ರೂಕ್ಸ್ ತಮ್ಮ ಅಮೆರಿಕದ ಹುಡುಗರನ್ನು ಗೆರೆಯಿಂದ ಗೆರೆಗೆ ಓಡಿಸಿದರು. ದೀಪ ಆರಿಸಿದರೂ ಬಿಡಲಿಲ್ಲ. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅದೇ ಹುಡುಗರು ಸೋವಿಯತ್ ತಂಡವನ್ನು 4-3ರಿಂದ ಮಣಿಸಿದರು. ಅಂದಿನಿಂದ ಈ ವರ್ಗದ ಸಂತತಿ ಬಹಳ. ಓಡಿಸುವುದನ್ನು ಎಲ್ಲರೂ ಕಲಿತರು, ಗೆಲ್ಲಿಸುವುದನ್ನು ಕೆಲವರು.

ಎರಡು, ಛಿದ್ರಾನ್ವೇಷಿ. ಕೆನಡಾದ ರೋಜರ್ ನೀಲ್ಸನ್ ಜೂನಿಯರ್ ಲೀಗಿನಲ್ಲಿದ್ದಾಗ, ಪೆನಾಲ್ಟಿ ಹೊಡೆತಕ್ಕೆ ಗೋಲು ಕಾಯುವ ಗೋಲಿಯ ಬದಲು ರಕ್ಷಣಾ ಆಟಗಾರನನ್ನು ನಿಲ್ಲಿಸಿದರು. ಆತ ಎದುರು ನುಗ್ಗಿ ಹೊಡೆಯುವವನನ್ನೇ ತಡೆದ. ಕೂಡದೆಂದು ನಿಯಮದಲ್ಲಿರಲಿಲ್ಲ, ಆಮೇಲೆ ಬರೆದರು. 1982ರಲ್ಲಿ ವ್ಯಾಂಕೂವರ್ ತಂಡದ ಕೋಚ್ ಆಗಿದ್ದಾಗ, ರೆಫರಿಗೆ ‘ಶರಣು’ ಎಂಬಂತೆ ಕೋಲಿಗೆ ಬಿಳಿ ಟವೆಲ್ ಸಿಕ್ಕಿಸಿ ಎತ್ತಿದ್ದಕ್ಕೆ ಅವರನ್ನು ಹೊರಗಟ್ಟಲಾಯಿತು. ಅದೇ ಭಂಗಿಯ ಪ್ರತಿಮೆ ಈಗ ವ್ಯಾಂಕೂವರಿನ ಕ್ರೀಡಾಂಗಣದ ಹೊರಗಿದೆ.

ಮೂರು, ನಿರ್ಹಿಮ. ಕೃತಕ ಮಂಜುಗಡ್ಡೆ ದುರ್ಲಭವಾಗಿದ್ದ ಸೋವಿಯತ್ ದೇಶದಲ್ಲಿ ಅನತೋಲಿ ತರಾಸೋವ್ ಆಟಗಾರರ ಹೆಗಲ ಮೇಲೆ ಜೊತೆಗಾರರನ್ನು ಹೊರಿಸಿ ಬರಿ ನೆಲದಲ್ಲಿ ಕಸರತ್ತು ಮಾಡಿಸಿದರು. ನೀರಿಗಿಳಿಯದೆ ಈಜು ಬಾರದೆಂಬ ಮಾತಿಗೆ ಇದು ಅಪವಾದ.

ನಾಲ್ಕು, ಆಪದ್ಧರ್ಮಿ. 1928ರ ಸ್ಟ್ಯಾನ್ಲಿ ಕಪ್ ಫೈನಲ್‌ನ ಒಂದು ಪಂದ್ಯದಲ್ಲಿ ನ್ಯೂಯಾರ್ಕ್ ರೇಂಜರ್ಸ್ ಗೋಲಿಯ ಕಣ್ಣಿಗೆ ಆಟದ ಬಿಲ್ಲೆ, ಅಂದರೆ ಪಕ್, ಬಡಿಯಿತು. ಕೋಚ್ ಲೆಸ್ಟರ್ ಪ್ಯಾಟ್ರಿಕ್, ವಯಸ್ಸು 44, ತಾವೇ ಗೋಲಿಯಾಗಿ ನಿಂತರು. ಆ ಪಂದ್ಯವನ್ನು ತಂಡ 2-1ರಿಂದ ಗೆದ್ದಿತು. ಈ ವರ್ಗಕ್ಕೆ ಉದಾಹರಣೆ ಒಂದೇ. ಶಾಸ್ತ್ರಕ್ಕೆ ಅಷ್ಟು ಸಾಕು.

ಐದು, ಗ್ರಂಥಿಬಂಧಕ. ಇವರಿಗೆ ಪ್ರತಿಮೆಯಿಲ್ಲ, ಸಂಬಳವೂ ಇಲ್ಲ. ಬಹುತೇಕ ಯಾವುದೋ ಮಗುವಿನ ಅಪ್ಪನೋ ಅಮ್ಮನೋ. ಕೆನಡಾದ ಯಾವ ಊರಿನಲ್ಲೇ ಆಗಲಿ, ಶನಿವಾರ ಬೆಳಕು ಹರಿಯುವ ಮೊದಲೇ ಒದ್ದೆ ರಬ್ಬರ್ ನೆಲದ ಮೇಲೆ ಮಂಡಿಯೂರಿ ಆರು ವರ್ಷದವರ ಬೂಟಿನ ಲೇಸು ಬಿಗಿಯುತ್ತಿರುತ್ತಾರೆ. ಗಂಟು ಸಡಿಲವಾದರೆ ಕಣಕಾಲು ಒಳಕ್ಕೆ ವಾಲುತ್ತದೆ. ಕಣಕಾಲು ವಾಲಿದವನಿಗೆ ಬೂಟಿನಡಿಯ ಅಲಗಿನ ಅಂಚು ಸಿಗದು. ಅಂಚು ಸಿಗದವನಿಗೆ ಮೇಲಿನ ನಾಲ್ವರೂ ಸೇರಿ ಏನನ್ನೂ ಕಲಿಸಲಾರರು. ಆದ್ದರಿಂದ ಶಾಸ್ತ್ರದ ಬುಡ ಈ ಗಂಟು. ಇದು ಸಿದ್ಧಾಂತ.

ಕಾಲಿಗೆ ಪ್ಯಾಡು, ಚಡ್ಡಿ, ಬೂಟು, ಎದೆಕವಚ, ಜರ್ಸಿ, ಹೆಲ್ಮೆಟ್ಟು, ಕೊನೆಗೆ ಕೈಗವಸು ಎಲ್ಲ ಆಯಿತು. ಹೆಲ್ಮೆಟ್ಟಿನ ಜಾಲರಿಯೊಳಗಿಂದ ಸಣ್ಣ ದನಿ: “ಕೋಚ್, ಒಂದಕ್ಕೆ ಹೋಗ್ಬೇಕು.”

ಎಲ್ಲ ಬಿಚ್ಚಬೇಕು. ಪ್ರಕರಣ ಮೊದಲಿಂದ.